ತೊಳೆದು ಹೋದ ಸಾಕ್ಷಿ

‘ಕೊಳೆತ ಸ್ಥಿತಿಯಲ್ಲಿ ಶವ ಪತ್ತೆ, ಸತ್ತು ನಾಲ್ಕೈದು ದಿನವಾಗಿರುವ ಶಂಕೆ’ ಎಂಬ ಸುದ್ದಿ ಬಂದಾಗಲೆಲ್ಲ ಒಬ್ಬರಾದರೂ ಓದುಗರು ಫೋನ್ ಮಾಡಿ ಕೇಳುತ್ತಾರೆ. ಆ ನಾಲ್ಕೈದು ದಿನದ ಲೆಕ್ಕ ಎಲ್ಲಿಂದ ಬಂತು? ಹುಳು ನೋಡಿ ಹೇಳ್ತಾರಂತಲ್ಲ, ನಿಜವೇ? ಈ ಅಂಕಣ ಶುರುವಾದಾಗಿನಿಂದ ಮತ್ತೆ ಮತ್ತೆ ಬಂದ ಪ್ರಶ್ನೆ ಇದು. ಇಷ್ಟು ದಿನ ಉತ್ತರ ಬರೆಯದೆ ಮುಂದೂಡಿದ್ದಕ್ಕೆ ಕಾರಣವಿದೆ. ಇದನ್ನು ಬರೆಯಲು ಕೂತರೆ ನಮ್ಮ ಮಾಸ್ತರರ ವಿಷಯ ಬರೆಯಲೇಬೇಕಾಗುತ್ತದೆ.

ಹೈದರಾಬಾದಿನ ಕಾಚಿಗುಡದ ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಅವರೊಬ್ಬರೇ ಇದ್ದರು. ರಾಯಚೂರು ಕಡೆಯವರು. ಹೆಂಡತಿ ತೀರಿಕೊಂಡ ಮೇಲೆ ಮಗಳು ಪುಣೆಗೆ ಕರೆದರೂ ಹೋಗಲಿಲ್ಲ. ಮೊಣಕಾಲು ನೋವಿದ್ದುದರಿಂದ ಕೆಳಗೆ ಇಳಿಯುವುದು ಕಡಿಮೆ. ಹೀಗಾಗಿ ಎರಡು ಮೂರು ದಿನ ಕಾಣದಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಒಂದು ಮೇ ತಿಂಗಳ ಭಾನುವಾರ ಸಂಜೆ ಪಕ್ಕದ ಮನೆಯವರು ವಾಸನೆ ಬರುತ್ತಿದೆ ಎಂದರು. ಬಾಗಿಲು ಒಡೆದಾಗ ಮಾಸ್ತರರು ಮಂಚದ ಮೇಲೆ ಮಲಗಿದಂತೆಯೇ ಇದ್ದರು. ತಲೆಯ ಮೇಲೆ ಫ್ಯಾನ್ ತಿರುಗುತ್ತಲೇ ಇತ್ತು. ಕಿಟಕಿಗೆ ಸೊಳ್ಳೆಪರದೆ, ಅದರ ಒಂದು ಮೂಲೆ ಬಿಟ್ಟುಕೊಂಡಿತ್ತು. ಕೊನೆಯ ಫೋನ್ ಮಗಳಿಗೆ ಮಾಡಿದ್ದು ಬುಧವಾರ ರಾತ್ರಿ.

ಪೊಲೀಸರು ಬಂದು ಪಂಚನಾಮೆ ಬರೆದರು. ಅಸಹಜ ಸಾವು ಎಂದ ಮೇಲೆ ಅದು ಕಾನೂನಿನ ಕೆಲಸ. ಮರುದಿನ ಶವಾಗಾರದಲ್ಲಿ ಗುರುತು ಹಿಡಿಯಲು ನಾನು ಹೋಗಿದ್ದೆ. ಯಾವ ಆಸ್ಪತ್ರೆ ಎಂಬುದು ಇಲ್ಲಿ ಮುಖ್ಯವಲ್ಲ. ಬಾಗಿಲಲ್ಲಿ ನಿಂತಾಗ ಒಳಗೆ ಸಿಬ್ಬಂದಿಯೊಬ್ಬರು ಪೈಪಿನಲ್ಲಿ ನೀರು ಬಿಡುತ್ತಿದ್ದರು. ನೀರಿನ ಜೊತೆ ಬೆಳ್ಳಗಿನ ಹುಳುಗಳ ರಾಶಿ ಕಲ್ಲಿನ ಮೇಜಿನಿಂದ ಜಾರಿ ಮೋರಿ ಕಡೆ ಹೋಗುತ್ತಿತ್ತು. ಅವರ ಕೈಯಲ್ಲಿ ಒರಟುತನವಿರಲಿಲ್ಲ. ಮಗಳ ಕಣ್ಣಿಗೆ ಅದು ಬೀಳಬಾರದೆಂದೇ ಅವಸರದಲ್ಲಿ ತೊಳೆಯುತ್ತಿದ್ದರು. ಆಗ ನನಗೂ ಅದೇ ಸರಿ ಎನ್ನಿಸಿತು.

ವರದಿಯಲ್ಲಿ ‘ಮೂರರಿಂದ ಐದು ದಿನ’ ಎಂದು ಬಂತು. ಕೊಲೆಯಲ್ಲ, ಹೃದಯಾಘಾತ. ಪೊಲೀಸರಿಗೆ ಅಷ್ಟು ಸಾಕು, ಕಡತ ಮುಗಿಯಿತು. ಮಗಳಿಗೆ ಮಾತ್ರ ಸಾಲಲಿಲ್ಲ. ‘ಅಂಕಲ್, ಅಪ್ಪ ಹೋಗಿದ್ದು ದಶಮಿಯೋ ಏಕಾದಶಿಯೋ ದ್ವಾದಶಿಯೋ? ನಾನು ಯಾವ ತಿಥಿ ಹಿಡೀಲಿ?’ ಎಂದು ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಉತ್ತರ ಸ್ವಲ್ಪಮಟ್ಟಿಗಾದರೂ ಇದ್ದದ್ದು ಆ ಮೋರಿಗೆ ಹೋದ ಹುಳುಗಳಲ್ಲಿ ಎಂದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ, ನಿವೃತ್ತ ವಿಧಿವಿಜ್ಞಾನ ವೈದ್ಯರೊಬ್ಬರ ಜೊತೆ ಕೂತು ಮಾತಾಡಿದಾಗ.

ಸತ್ತ ಹೊತ್ತನ್ನು ಹೇಳಲು ವೈದ್ಯರ ಬಳಿ ಮೊದಲಿನಿಂದಲೂ ಮೂರು ಗುರುತುಗಳಿವೆ. ದೇಹ ತಣ್ಣಗಾಗುವುದು, ಸೆಟೆದುಕೊಳ್ಳುವುದು, ರಕ್ತ ಕೆಳಗಿಳಿದು ಚರ್ಮದ ಮೇಲೆ ನೇರಳೆ ಮಚ್ಚೆ ಮೂಡುವುದು. ಮೂರೂ ಮೊದಲ ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನದ ಮಾತು. ಹೊರಗೆ 40 ಡಿಗ್ರಿ ದಾಟುವ ನಮ್ಮ ಮೇ ತಿಂಗಳಲ್ಲಂತೂ 37 ಡಿಗ್ರಿಯ ದೇಹ ತಣ್ಣಗಾಗುವುದಾದರೂ ಎಲ್ಲಿಂದ? ಎರಡು ದಿನ ಕಳೆದರೆ ಈ ಗುರುತುಗಳೆಲ್ಲ ಅಳಿಸಿಹೋಗುತ್ತವೆ. ಹುಳುಗಳ ಲೆಕ್ಕ ಗಟ್ಟಿಯಾಗುವುದು ಆಗಿನಿಂದ.

ಇದನ್ನು ಆ ವೈದ್ಯರು ವಿವರಿಸುತ್ತಿದ್ದಾಗ ನನಗೆ ನೆನಪಾದದ್ದು ಶಿಡ್ಲಘಟ್ಟದ ಹತ್ತಿರದ ನಮ್ಮೂರಿನ ಹುಳುಮನೆ. ತಾತ ರೇಷ್ಮೆ ಹುಳು ಸಾಕುತ್ತಿದ್ದರು. ಬೆಳಿಗ್ಗೆ ಎದ್ದು ಒಂದು ತಟ್ಟೆ ಎಳೆದು ನೋಡಿ ‘ಎರಡನೇ ಜ್ವರಕ್ಕೆ ಕೂತವೆ, ಸೊಪ್ಪು ಹಾಕಬೇಡಿ’ ಎನ್ನುತ್ತಿದ್ದರು. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತು ಹಳೇ ಚರ್ಮ ಕಳಚುವ ಹೊತ್ತು. ರೇಷ್ಮೆ ಹುಳುವಿಗೆ ಇಂಥ ನಾಲ್ಕು ಜ್ವರ. ಆಮೇಲೆ ಹೊಟ್ಟೆ ಖಾಲಿ ಮಾಡಿಕೊಂಡು ಮೈ ಪಾರದರ್ಶಕವಾಗಿ ಹಣ್ಣಾಗುತ್ತದೆ, ಮೇವಿನ ತಟ್ಟೆ ಬಿಟ್ಟು ಓಡಾಡತೊಡಗುತ್ತದೆ. ಆಗ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಚಳಿಗಾಲದಲ್ಲಿ ಈ ಎಲ್ಲ ಲೆಕ್ಕವೂ ಹಿಂದೆ ಬೀಳುತ್ತಿತ್ತು. ಅದಕ್ಕೇ ತಾತ ಹುಳುಮನೆಯ ಮೂಲೆಯಲ್ಲಿ ಕೆಂಡದ ಬಾಂಡ್ಲಿ ಇಡುತ್ತಿದ್ದರು. ಯಾವ ಹುಳು ಎಷ್ಟು ದಿನದ್ದು ಎಂದು ತಾತನಿಗೆ ಕ್ಯಾಲೆಂಡರ್ ನೋಡಿ ಹೇಳುವ ಅಗತ್ಯವಿರಲಿಲ್ಲ. ಹುಳುವಿನ ಮೈ ಮತ್ತು ಮನೆಯ ಬಿಸಿ, ಎರಡೇ ಸಾಕು.

ನೊಣದ ಮರಿಹುಳುವಿನ ಶಾಸ್ತ್ರವೂ ಇಷ್ಟೇ. ಅದಕ್ಕೆ ಜ್ವರ ಎರಡು, ಹಂತ ಮೂರು. ಹೆಣಕ್ಕೆ ಮೊದಲು ಬರುವುದು ಹೊಳೆಯುವ ಹಸಿರು-ನೀಲಿ ಮೈ, ದೊಡ್ಡ ಕೆಂಪು ಕಣ್ಣಿನ ನೊಣ. ನಮ್ಮ ಮೀನು ಮಾರ್ಕೆಟ್ಟುಗಳಲ್ಲಿ, ಹಲಸಿನ ತೊಳೆಯ ಮೇಲೆ ನೀವು ದಿನವೂ ನೋಡುವ ನೊಣವೇ. ವಿಜ್ಞಾನದ ಹೆಸರು ಕ್ರೈಸೊಮೈಯಾ ಮೆಗಾಸೆಫಾಲಾ. ದಾರಿ ಸಿಕ್ಕರೆ ಸಾವಾದ ಕೆಲವೇ ನಿಮಿಷದಲ್ಲಿ ಬರುತ್ತದೆ. ಕಣ್ಣಿನ ಅಂಚು, ಮೂಗಿನ ಹೊಳ್ಳೆ, ಬಾಯ ಮೂಲೆ, ಗಾಯವಿದ್ದರೆ ಗಾಯ, ಹೀಗೆ ತೇವವಿರುವ ಕಡೆ ರವೆಯಷ್ಟು ಗಾತ್ರದ ಮೊಟ್ಟೆಗಳನ್ನು ನೂರಾರು ಇಡುತ್ತದೆ. ನಮ್ಮ ಬೇಸಿಗೆಯಲ್ಲಿ ಒಂದು ದಿನದೊಳಗೆ ಮೊಟ್ಟೆ ಒಡೆದು ಮರಿ ಹೊರಬೀಳುತ್ತದೆ. ಮರಿಯ ಹಿಂತುದಿಯಲ್ಲಿ ಉಸಿರಾಡುವ ಸೀಳುಗಳಿರುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಎಣಿಸಿದರೆ ಎರಡನೇ ಹಂತದ ಹುಳುವಿಗೆ ಪ್ರತಿ ಬದಿಗೆ ಎರಡು ಸೀಳು, ಮೂರನೇ ಹಂತಕ್ಕೆ ಮೂರು. ತಾತ ಜ್ವರ ಎಣಿಸಿದಂತೆಯೇ ಇಲ್ಲಿ ಸೀಳು ಎಣಿಸುತ್ತಾರೆ. ಮೂರನೇ ಹಂತ ಮುಗಿದ ಮೇಲೆ ಈ ಹುಳುವೂ ಹಣ್ಣಾಗುತ್ತದೆ, ಮೇವು ಬಿಟ್ಟು ದೂರ ಹರಿದು ಹೋಗುತ್ತದೆ. ಮಣ್ಣಿನಲ್ಲೋ ಕಾರ್ಪೆಟ್ಟಿನ ಅಡಿಯಲ್ಲೋ ಸೇರಿ ಕಂದು ಬಣ್ಣದ ಗಟ್ಟಿ ಕೋಶವಾಗುತ್ತದೆ. ಬೆಚ್ಚನೆಯ ದಿನಗಳಲ್ಲಿ ಮೊಟ್ಟೆಯಿಂದ ನೊಣದವರೆಗಿನ ಪಯಣ ಸುಮಾರು ಹತ್ತು ದಿನ.

ಈಗ ಬಿಸಿಯ ಲೆಕ್ಕ. ಪ್ರತಿ ಜಾತಿಯ ನೊಣಕ್ಕೂ ಒಂದು ಕನಿಷ್ಠ ಉಷ್ಣಾಂಶವಿದೆ, ಅದಕ್ಕಿಂತ ಕೆಳಗೆ ಬೆಳವಣಿಗೆ ನಿಂತುಬಿಡುತ್ತದೆ. ಅದರ ಮೇಲಿನ ಪ್ರತಿ ಡಿಗ್ರಿಯನ್ನೂ ಗಂಟೆಗಳಿಂದ ಗುಣಿಸಿ ಕೂಡಿಸುತ್ತಾ ಹೋಗುತ್ತಾರೆ. ಲೆಕ್ಕ ತಿಳಿಯಲಿ ಎಂದು ಒಂದು ಕಾಲ್ಪನಿಕ ಉದಾಹರಣೆ ಕೊಡುತ್ತೇನೆ. ಕನಿಷ್ಠ ಉಷ್ಣಾಂಶ 10 ಡಿಗ್ರಿ, ಒಂದು ಹಂತ ತಲುಪಲು ಬೇಕಾದ ಬಿಸಿಯ ಮೊತ್ತ 2,000 ಎಂದುಕೊಳ್ಳಿ. ಕೋಣೆ 30 ಡಿಗ್ರಿ ಇದ್ದರೆ ಗಂಟೆಗೆ 20ರಂತೆ 100 ಗಂಟೆ ಸಾಕು. 20 ಡಿಗ್ರಿ ಇದ್ದರೆ ಅದೇ ಹುಳುವಿಗೆ 200 ಗಂಟೆ ಬೇಕು. ಅಂದರೆ ಹುಳುವಿನ ಉದ್ದ ಅಳೆದರಷ್ಟೇ ಸಾಲದು, ಅದು ಬೆಳೆದ ಜಾಗದ ಬಿಸಿಯೂ ಗೊತ್ತಿರಬೇಕು. ಅದಕ್ಕಾಗಿ ಬೇಗಂಪೇಟೆಯ ಹವಾಮಾನ ಕೇಂದ್ರದ ಗಂಟೆಗಂಟೆಯ ದಾಖಲೆ ತರಿಸಬಹುದು. ಆದರೆ ಪರದೆ ಕಟ್ಟಿದ ಕಿಟಕಿಯ ಮೂರನೇ ಮಹಡಿಯ ಕೋಣೆ ಬೇಗಂಪೇಟೆಯ ಬಯಲಿನಂತಿರುವುದಿಲ್ಲ. ಹೀಗಾಗಿ ಅದೇ ಕೋಣೆಯಲ್ಲಿ ಕೆಲವು ದಿನ ಉಷ್ಣಮಾಪಕ ಇಟ್ಟು ಎರಡಕ್ಕೂ ಇರುವ ಅಂತರ ಹಿಡಿಯುತ್ತಾರೆ. ಇನ್ನೊಂದು ತೊಡಕಿದೆ. ಸಾವಿರಾರು ಹುಳು ಒಂದೇ ಕಡೆ ಒತ್ತಾಗಿ ತಿನ್ನುವಾಗ ಆ ರಾಶಿಯೇ ಬಿಸಿಯಾಗುತ್ತದೆ, ಸುತ್ತಲಿನ ಗಾಳಿಗಿಂತ ಹತ್ತು ಡಿಗ್ರಿಗೂ ಮೇಲೆ ಹೋಗಬಲ್ಲದು. ರಾಶಿಯ ನಡುವೆ ಉಷ್ಣಮಾಪಕ ಇಟ್ಟು ಅದನ್ನೂ ಬರೆದುಕೊಳ್ಳಬೇಕು.

ಕೀಟದ ಮೈಯೊಳಗೆ ದಿನ ಎಣಿಸುವ ಕೆಲಸ ಈ ಊರಿಗೆ ಹೊಸದಲ್ಲ. 1897ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಮಾಡಿದ್ದು ಅದನ್ನೇ. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯನ್ನು 16ರಂದು ಸೊಳ್ಳೆಗಳಿಂದ ಕಚ್ಚಿಸಿ, ಕಚ್ಚಿದ ಪ್ರತಿ ಸೊಳ್ಳೆಗೆ ಒಂದಾಣೆಯಂತೆ ಕೊಟ್ಟು, 20ರಂದು ಒಂದು ಸೊಳ್ಳೆಯ ಹೊಟ್ಟೆ ಸೀಳಿದರು. ಗೋಡೆಯಲ್ಲಿ ಕಪ್ಪು ಚುಕ್ಕೆಯ ದುಂಡನೆಯ ಕಣಗಳು ಕಂಡವು. ಮರುದಿನ ಉಳಿದಿದ್ದ ಸೊಳ್ಳೆಯನ್ನು ಸೀಳಿದಾಗ ಅವು ಇನ್ನೂ ದೊಡ್ಡವಾಗಿದ್ದವು. ಕಚ್ಚಿ ಎಷ್ಟು ದಿನವಾಯಿತು ಎಂಬ ಲೆಕ್ಕವನ್ನು ಅವರು ಬರೆದಿಡದಿದ್ದರೆ ಆ ಬೆಳವಣಿಗೆಗೆ ಅರ್ಥವೇ ಇರುತ್ತಿರಲಿಲ್ಲ. ಅವರ ಹೆಸರಿನ ಸಂಸ್ಥೆ ಇಂದಿಗೂ ಬೇಗಂಪೇಟೆಯಲ್ಲಿದೆ.

ಹೆಣದ ಮೇಲಿನ ಹುಳುವನ್ನು ನ್ಯಾಯಾಲಯದ ಮುಂದಿಟ್ಟ ಹಳೆಯ ಪ್ರಕರಣಗಳಲ್ಲಿ ಒಂದರ ಆರೋಪಿ ನಮ್ಮ ಮುಂಬೈಯಲ್ಲಿ ಹುಟ್ಟಿದ ಪಾರ್ಸಿ ವೈದ್ಯ, ಬಕ್ ರಕ್ಸ್‌ಟನ್. ಇಂಗ್ಲೆಂಡಿನ ಲ್ಯಾಂಕಾಸ್ಟರಿನಲ್ಲಿ ಸಂಗಾತಿಯನ್ನೂ ಮನೆಕೆಲಸದ ಹುಡುಗಿಯನ್ನೂ ಕೊಂದು ತುಂಡರಿಸಿ ಸ್ಕಾಟ್ಲೆಂಡಿನ ಕಣಿವೆಯೊಂದರಲ್ಲಿ ಎಸೆದಿದ್ದ. 1935ರ ಸೆಪ್ಟೆಂಬರ್ 29ರಂದು ತುಂಡುಗಳು ಸಿಕ್ಕವು. ಗ್ಲಾಸ್ಗೋದ ಅಲೆಗ್ಸಾಂಡರ್ ಮಿಯರ್ನ್ಸ್ ಅದರಲ್ಲಿನ ಹುಳುಗಳನ್ನು ಪರೀಕ್ಷಿಸಿ, ದೊಡ್ಡ ಹುಳುಗಳಿಗೆ 12ರಿಂದ 14 ದಿನ ಎಂದರು. ಇಬ್ಬರೂ ಕಾಣೆಯಾಗಿದ್ದು ಅದೇ ತಿಂಗಳ ನಡುವೆ. ರಕ್ಸ್‌ಟನ್‌ಗೆ 1936ರಲ್ಲಿ ಗಲ್ಲಾಯಿತು.

ನನ್ನನ್ನು ಹೆಚ್ಚು ಕಾಡುವುದು ಹಂಗೆರಿಯ ಇನ್ನೊಂದು ಪ್ರಕರಣ. ಅಲ್ಲಿ ಹುಳುಗಳು ಒಬ್ಬನನ್ನು ಜೈಲಿನಿಂದ ಹೊರತಂದವು. ಸೆಪ್ಟೆಂಬರಿನ ಒಂದು ಸಂಜೆ 6 ಗಂಟೆಗೆ ದೋಣಿ ನಡೆಸುವವನೊಬ್ಬ ತನ್ನ ದೋಣಿಗೆ ಕೆಲಸಕ್ಕೆ ಬಂದ. ಕೆಲವು ಗಂಟೆ ಕಳೆದು ಅದೇ ದೋಣಿಯಲ್ಲಿ ಪೋಸ್ಟ್‌ಮಾಸ್ಟರನ ಹೆಣ ಸಿಕ್ಕಿತು. ಮರುದಿನ ಸಂಜೆ 4 ಗಂಟೆಗೆ ಮರಣೋತ್ತರ ಪರೀಕ್ಷೆ ನಡೆಯಿತು. ಮೈಮೇಲೆ ನೊಣದ ಮೊಟ್ಟೆಗಳಿವೆ, ಆಗಷ್ಟೇ ಹೊರಬಂದ ಒಂದೆರಡು ಮಿಲಿಮೀಟರಿನ ಮರಿಗಳಿವೆ ಎಂದು ವೈದ್ಯರು ಬರೆದರು. ಆ ಸಾಲನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ದೋಣಿಯವನಿಗೆ ಜೀವಾವಧಿ ಶಿಕ್ಷೆಯಾಯಿತು. ಎಂಟು ವರ್ಷದ ಮೇಲೆ ಪ್ರಕರಣ ಮತ್ತೆ ತೆರೆದಾಗ ಫೆರೆಂಟ್ಸ್ ಮಿಹಾಯಿ ಎಂಬ ನೊಣಗಳ ತಜ್ಞ ಆ ಹಳೆಯ ವರದಿ ಓದಿದರು. ಸೆಪ್ಟೆಂಬರಿನಲ್ಲಿ ಅಲ್ಲಿನ ನೊಣಗಳು ಸಂಜೆ 6ರ ಮೇಲೆ ಮೊಟ್ಟೆಯಿಡುವುದಿಲ್ಲ. ಮರುದಿನ ಬೆಳಿಗ್ಗೆ ಇಟ್ಟಿದ್ದರೆ ಸಂಜೆ 4ರೊಳಗೆ ಮರಿಯಾಗಲು ಹೊತ್ತು ಸಾಲದು. ಹಾಗಿದ್ದರೆ ಮೊಟ್ಟೆಯಿಟ್ಟದ್ದು ಹಿಂದಿನ ದಿನ 6 ಗಂಟೆಗೆ ಮುಂಚೆ, ಅಂದರೆ ದೋಣಿಯವನು ಅಲ್ಲಿಗೆ ಕಾಲಿಡುವ ಮೊದಲೇ ಪೋಸ್ಟ್‌ಮಾಸ್ಟರ್ ಹೆಣವಾಗಿದ್ದ. ದೋಣಿಯವನು ಬಿಡುಗಡೆಯಾದ. ಆ ವರದಿ ಬರೆದ ವೈದ್ಯರಿಗೆ ನೊಣದ ವಿದ್ಯೆ ಗೊತ್ತಿದ್ದಿರಲಿಕ್ಕಿಲ್ಲ. ಕಂಡದ್ದನ್ನು ಕಂಡ ಅಳತೆಯಲ್ಲಿ ಬರೆದಿಟ್ಟರು. ಎಂಟು ವರ್ಷ ಕಳೆದರೂ ಆ ಒಂದು ಸಾಲು ಕೆಡಲಿಲ್ಲ.

ಹಾಗೆಂದು ಹುಳು ಹೇಳಿದ್ದೇ ವೇದವಾಕ್ಯ ಎಂದು ಹಿಡಿಯಬಾರದು. ಧಾರಾವಾಹಿಗಳಲ್ಲಿ ತಜ್ಞರು ಹುಳುವನ್ನು ಚಿಮಟದಲ್ಲಿ ಎತ್ತಿ ‘ರಾತ್ರಿ ಒಂಬತ್ತೂವರೆಗೆ ಸತ್ತಿದ್ದಾನೆ’ ಎನ್ನುವುದನ್ನು ನಂಬಬೇಡಿ. ಹುಳು ಹೇಳುವುದು ನೊಣ ಮೊಟ್ಟೆಯಿಟ್ಟ ಹೊತ್ತನ್ನು. ಸಾವು ಸಾಮಾನ್ಯವಾಗಿ ಅದಕ್ಕಿಂತ ಮೊದಲು ಆಗಿರುತ್ತದೆ, ಎಷ್ಟು ಮೊದಲು ಎಂಬುದನ್ನು ಜಾಗ ನೋಡಿ ತೀರ್ಮಾನಿಸಬೇಕು. ಬಾಗಿಲು ಮುಚ್ಚಿದ್ದರೆ, ಹೆಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದರೆ, ಮಳೆ ಹಿಡಿದಿದ್ದರೆ ನೊಣ ಬರುವುದು ತಡ. ಕ್ರಿಮಿನಾಶಕ ಕುಡಿದು ಸತ್ತವರ ಮೇಲೆ ಹುಳು ಬೀಳುವುದೇ ತಡವಾಗಬಹುದು. ಇನ್ನೊಂದು ಜಾತಿಯ ನೊಣ ಮೊಟ್ಟೆಯಿಡದೆ ನೇರವಾಗಿ ಮರಿಗಳನ್ನೇ ಬಿಡುತ್ತದೆ, ಅದನ್ನು ಗುರುತಿಸದಿದ್ದರೆ ಲೆಕ್ಕದಲ್ಲಿ ಅರ್ಧ ದಿನ ತಪ್ಪುತ್ತದೆ. ಕ್ರೈಸೊಮೈಯಾ ರುಫಿಫೇಸಿಸ್ ಎಂಬುದರ ಮರಿಯ ಮೈತುಂಬ ಕೂದಲಿನಂತೆ ಚಾಚಿದ ಮುಳ್ಳುಗಳು. ಅದು ಸ್ವಲ್ಪ ತಡವಾಗಿ ಬಂದು, ಮೊದಲು ಬಂದ ಹುಳುಗಳನ್ನೇ ತಿನ್ನತೊಡಗುತ್ತದೆ. ಹಿರಿಯ ಸಾಕ್ಷಿಯನ್ನು ಕಿರಿಯದು ನುಂಗಿದ ಹಾಗೆ.

ಹಂಗೆರಿಯ ವಾದ ನಿಂತದ್ದು ನೊಣಗಳು ಸಂಜೆಯ ಮೇಲೆ ಸುಮ್ಮನಿರುತ್ತವೆ ಎಂಬ ಮಾತಿನ ಮೇಲೆ. ನಮ್ಮಲ್ಲಿ ಅದೇ ನಿಯಮ ಹಿಡಿಯಲಾಗದು. ಪಟಿಯಾಲಾದ ಪಂಜಾಬಿ ವಿಶ್ವವಿದ್ಯಾಲಯದ ದೇವಿಂದರ್ ಸಿಂಗ್ ಮತ್ತು ಮೀನಾಕ್ಷಿ ಭಾರ್ತಿ ರಾತ್ರಿ ಹೊತ್ತು ಮಾಂಸ ಇಟ್ಟು ಕಾದು ನೋಡಿದಾಗ ನೊಣಗಳು ಕತ್ತಲಲ್ಲೂ ಮೊಟ್ಟೆಯಿಟ್ಟಿದ್ದವು, ಸಂಖ್ಯೆ ಕಡಿಮೆಯಾದರೂ. ಪಂಜಾಬಿನ ಮೊಲದ ಹೆಣದ ಮೇಲೆ ಯಾವ ಕೀಟ ಯಾವಾಗ ಬರುತ್ತದೆ ಎಂಬುದನ್ನೂ ಅವರು ದಾಖಲಿಸಿದ್ದಾರೆ. ಈ ಲೆಕ್ಕವನ್ನು ಆಯಾ ಊರಿನಲ್ಲೇ ಕಟ್ಟಬೇಕು. ಮಲೆನಾಡಿನ ಮಳೆಯ ಪಟ್ಟಿ ರಾಯಚೂರಿಗೆ ಆಗದು, ಪಂಜಾಬಿನ ಚಳಿಯ ಪಟ್ಟಿ ಹೈದರಾಬಾದಿಗೆ ಆಗದು.

ಈ ಕೆಲಸಕ್ಕೆ ಬೇಕಾದ ಸಂಸ್ಥೆಗಳು ಹೈದರಾಬಾದಿನಲ್ಲಿ ಇರುವಷ್ಟು ಬೇರೆ ಊರುಗಳಲ್ಲಿ ಸಿಗುವುದು ಕಷ್ಟ. ರೆಡ್ ಹಿಲ್ಸ್‌ನಲ್ಲಿ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ, ರಾಮಂತಾಪುರದಲ್ಲಿ ಕೇಂದ್ರದ್ದು, ಉಪ್ಪಲ್‌ನಲ್ಲಿ ಡಿಎನ್‌ಎ ಬೆರಳಚ್ಚಿನ ಕೇಂದ್ರ ಸಿಡಿಎಫ್‌ಡಿ, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ವಿಭಾಗ. ನೋಟಕ್ಕೆ ಒಂದೇ ಥರ ಕಾಣುವ ಮರಿಗಳ ಜಾತಿಯನ್ನು ಡಿಎನ್‌ಎಯಿಂದ ಹೇಳುವುದು ಈಗ ದೊಡ್ಡ ವಿಷಯವಲ್ಲ. ಪೊಲೀಸರ ಕ್ಲೂಸ್ ಟೀಮ್ ಬೆರಳಚ್ಚಿಗೆ, ರಕ್ತದ ಕಲೆಗೆ ಓಡಿ ಬರುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಸೆಕ್ಷನ್, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಜಾಗಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು ಎನ್ನುತ್ತದೆ. ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಆ ತಜ್ಞರ ಚೀಲದಲ್ಲಿ ಹುಳುವಿಗೂ ಒಂದು ಡಬ್ಬಿ ಇರಲಿ ಎಂಬುದು ನನ್ನ ಕೋರಿಕೆ.

ಖರ್ಚು ಹೆಚ್ಚಿಲ್ಲ. ಒಂದು ಥರ್ಮಾಸಿನಲ್ಲಿ ಕುದಿಯುವ ನೀರು, ಮುಚ್ಚಳದ ಬಾಟಲಿಗಳು, ಸ್ಪಿರಿಟ್ಟು, ಚಮಚ, ಉಷ್ಣಮಾಪಕ. ಅತಿ ದೊಡ್ಡ ಹುಳುಗಳನ್ನು ಮೊದಲು ಹುಡುಕಬೇಕು, ಅವೇ ಹಿರಿಯವು. ಮೈಮೇಲೆ ಮಾತ್ರವಲ್ಲ, ಮಂಚದ ಕೆಳಗೆ, ಚಾಪೆಯ ಅಂಚಿಗೆ, ಗೋಡೆಯ ಬುಡಕ್ಕೆ ಹರಿದು ಹೋದವನ್ನೂ ನೋಡಬೇಕು. ಅರ್ಧ ಹುಳುಗಳನ್ನು ಬಿಸಿನೀರಿಗೆ ಅದ್ದಿ ತೆಗೆದು ಸ್ಪಿರಿಟ್ಟಿಗೆ ಹಾಕಬೇಕು. ನೇರ ಸ್ಪಿರಿಟ್ಟಿಗೆ ಹಾಕಿದರೆ ಮೈ ಕುಗ್ಗಿ ಕಪ್ಪಾಗಿ ಅಳತೆ ಕೆಡುತ್ತದೆ. ಉಳಿದರ್ಧವನ್ನು ಈಲಿಯ ತುಣುಕಿನ ಮೇಲೆ ಜೀವಂತ ಇಟ್ಟು, ನೊಣವಾಗುವ ತನಕ ಸಾಕಿ ಜಾತಿ ಖಚಿತ ಮಾಡಿಕೊಳ್ಳಬೇಕು. ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆದು ಬಾಟಲಿಯೊಳಗೇ ಹಾಕಬೇಕು, ಪೆನ್ನಿನ ಶಾಯಿ ಸ್ಪಿರಿಟ್ಟಿಗೆ ಕರಗಿಹೋಗುತ್ತದೆ. ಶವ ಶೈತ್ಯಾಗಾರಕ್ಕೆ ಹೋದ ಹೊತ್ತು, ಹೊರಬಂದ ಹೊತ್ತು ಬರೆದಿಡಬೇಕು, ಚಳಿಯಲ್ಲಿ ಹುಳುವಿನ ಗಡಿಯಾರ ನಿಧಾನವಾಗುತ್ತದೆ. ಇಷ್ಟಾದ ಮೇಲೆ ತೊಳೆಯಲಿ. ಮನೆಯವರ ಕಣ್ಣಿಗೆ ಬೀಳದಂತೆ ತೊಳೆಯುವ ಆ ಕಾಳಜಿ ದೊಡ್ಡದು, ಅದಕ್ಕೂ ಮೊದಲು ಹತ್ತು ನಿಮಿಷ ಬೇಕು, ಅಷ್ಟೇ.

1247ರಲ್ಲಿ ಚೀನಾದ ಸುಂಗ್ ತ್ಸು ಎಂಬ ನ್ಯಾಯಾಧಿಕಾರಿ ಹೆಣದ ಪರೀಕ್ಷೆಯ ಬಗ್ಗೆ ಒಂದು ಪುಸ್ತಕ ಬರೆದ. ಕೊಲೆಯಾದ ಹಳ್ಳಿಯಲ್ಲಿ ಎಲ್ಲರ ಕುಡುಗೋಲುಗಳನ್ನೂ ಬಿಸಿಲಿಗೆ ಇಡಿಸಿ, ಕಣ್ಣಿಗೆ ಕಾಣದ ರಕ್ತದ ವಾಸನೆಗೆ ನೊಣ ಮುತ್ತಿದ ಕುಡುಗೋಲಿನ ಒಡೆಯನನ್ನು ಹಿಡಿದ ಕಥೆ ಅದರಲ್ಲಿದೆ. ಪುಸ್ತಕದ ಹೆಸರಿನ ಅರ್ಥ ಅನ್ಯಾಯವನ್ನು ತೊಳೆಯುವುದು ಎಂದು. ಆ ಹೆಸರು ಓದಿದಾಗಲೆಲ್ಲ ನನಗೆ ಆ ಕಲ್ಲಿನ ಮೇಜು, ಆ ಪೈಪು ಕಣ್ಣಿಗೆ ಬರುತ್ತದೆ.

ಮಾಸ್ತರರ ವಿಷಯವನ್ನು ನಾನು ಆ ನಿವೃತ್ತ ವೈದ್ಯರಲ್ಲಿ ಬಿಡಿಸಿ ಕೇಳಿದೆ. ಆ ಹುಳುಗಳಿದ್ದಿದ್ದರೆ ತಿಥಿ ಹೇಳಬಹುದಿತ್ತೇ? ಅವರು ಸುಮ್ಮನೆ ಹೌದು ಎನ್ನಲಿಲ್ಲ. ಪರದೆಯ ಮೂಲೆ ಎಷ್ಟು ಬಿಚ್ಚಿತ್ತು, ಫ್ಯಾನ್ ಗಾಳಿಗೆ ನೊಣ ಕೂರುವುದು ಎಷ್ಟು ತಡವಾಯಿತು ಎಂದೆಲ್ಲ ಕೇಳಿದರು. ‘ಇಂಥ ದಿನವೇ ಎನ್ನುವುದು ಕಷ್ಟವಿತ್ತು. ಹುಳು ಗುರುವಾರದ್ದು ಎಂದು ಬಂದಿದ್ದರೆ ಶುಕ್ರವಾರವನ್ನಂತೂ ಹೊಡೆದುಹಾಕಬಹುದಿತ್ತು’ ಎಂದರು. ಮೂರು ತಿಥಿಯಲ್ಲಿ ಒಂದು ಕಳೆದರೂ ಆ ಮಗಳಿಗೆ ಅದು ಸಣ್ಣದಲ್ಲ.

ತಿಥಿ ತಿಳಿಯದವರಿಗೆ ನಮ್ಮಲ್ಲಿ ಮಹಾಲಯ ಅಮಾವಾಸ್ಯೆ ಇದೆ. ಆಕೆ ಈಗ ಅದನ್ನೇ ಹಿಡಿದಿದ್ದಾಳೆ. ಹಿಂದಿನ ದಿನ ಸಂಜೆ ನನಗೆ ಫೋನ್ ಮಾಡುತ್ತಾಳೆ. ಅಪ್ಪನಿಗೆ ಯಾವ ಪಲ್ಯ ಇಷ್ಟವಿತ್ತು, ನಮ್ಮ ಮನೆಗೆ ಬಂದಾಗ ಏನು ಕೇಳಿ ಹಾಕಿಸಿಕೊಳ್ಳುತ್ತಿದ್ದರು ಎಂದು ಕೇಳುತ್ತಾಳೆ. ಹೀರೇಕಾಯಿ ಎನ್ನುತ್ತೇನೆ. ಬರೆದುಕೊಳ್ಳುತ್ತಾಳೆ.